ಹುಳು ಒಳಗೇ ಇದ್ದರೂ ಮೈ ಯಾಕೆ ಸುಮ್ಮನಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೊಳ್ಳೆ ಕಚ್ಚಿದರೆ ಎರಡೇ ನಿಮಿಷ, ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ಆದರೆ ಒಮ್ಮೆ ಮಲೆನಾಡಿನಲ್ಲಿ ನೆಂಟರ ತೋಟ ಸುತ್ತಿ ಬಂದ ಮೂರನೇ ದಿನ, ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ಕಾಳಿನಂಥದ್ದೇನೋ ಕೈಗೆ ಸಿಕ್ಕಿತು. ಉಣುಗು. ಮೂರು ದಿನದಿಂದ ನನ್ನ ರಕ್ತ ಕುಡಿಯುತ್ತಾ ಕೂತಿದೆ, ನನಗೆ ಒಂದು ತುರಿಕೆಯೂ ಇಲ್ಲ. ನಾನು ಪಾಠ ಮಾಡುವುದೇ ಸೂಕ್ಷ್ಮಜೀವಿಗಳ ಬಗ್ಗೆ. ನಾಚಿಕೆಯಾಯಿತು ಅನ್ನಿ.

ಮಾರನೇ ದಿನ ಕ್ಲಾಸಿನಲ್ಲಿ ಇದನ್ನು ಹೇಳಿದೆ. ಒಂದು ಪ್ರಶ್ನೆಯಿಂದ ಇನ್ನೊಂದು ಹುಟ್ಟಿತು. ಆಮೇಲೆ ಪಕ್ಕದ ಮನೆಯವರು, ಊರಿನ ಅತ್ತೆ, ಜಂತುಹುಳು ಮಾತ್ರೆ ಹಂಚುವ ಆಶಾ ಕಾರ್ಯಕರ್ತೆ ಎಲ್ಲರೂ ಕೇಳಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಪರಾವಲಂಬಿ ಅಂದರೆ ಇಲ್ಲಿ ಯಾರ್ಯಾರು?

ಹೊಟ್ಟೆಯ ಜಂತು, ಕೊಕ್ಕೆಹುಳು, ಆನೆಕಾಲು ರೋಗದ ಹುಳು ಒಂದು ಗುಂಪು. ಮಲೇರಿಯಾ, ಕಾಲಾ ಅಜಾರ್ ತರುವ ಒಂದೇ ಕೋಶದ ಜೀವಿಗಳು ಇನ್ನೊಂದು. ಹೊರಗಿನಿಂದ ಕಚ್ಚಿ ಕೂರುವ ಉಣುಗಿನಂಥವು ಮೂರನೆಯದು. ಉಣ್ಣುವುದು ನಮ್ಮಲ್ಲಿ, ನಡೆಸುವುದು ಅವರದೇ ಸಂಸಾರ. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರಲ್ಲ, ಇವು ಉಣ್ಣುವುದಕ್ಕೋಸ್ಕರವೇ ಎರಡು ಬಗೆಯುತ್ತವೆ.

ನಮ್ಮ ರೋಗನಿರೋಧಕ ಶಕ್ತಿ ಇವನ್ನು ಗುರುತಿಸುವುದೇ ಇಲ್ವಾ?

ಗುರುತಿಸುತ್ತದೆ. ತೊಂದರೆ ಇರುವುದು ಸುದ್ದಿ ಮುಟ್ಟಿಸುವುದರಲ್ಲಿ.

ಬಿಳಿ ರಕ್ತಕಣಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ. ಒಂದಕ್ಕೊಂದು ಚೀಟಿ ಕಳಿಸಿಕೊಂಡೇ ಅವುಗಳ ವ್ಯವಹಾರ ನಡೆಯುತ್ತದೆ. ಆ ಚೀಟಿಗಳೇ ಸೈಟೊಕೈನ್, ಕೀಮೊಕೈನ್ ಅನ್ನುವ ಪುಟ್ಟ ಪ್ರೋಟೀನುಗಳು. 'ಇಲ್ಲಿ ಗಾಯ ಆಗಿದೆ, ಬನ್ನಿ' ಅನ್ನುವ ಚೀಟಿ ಇದೆ. 'ಸಾಕು, ಹಿಂದೆ ಸರಿಯಿರಿ' ಅನ್ನುವುದೂ ಇದೆ. ಪ್ರತಿ ಕಣದ ಮೈಮೇಲೆ ಆಯಾ ಚೀಟಿಯನ್ನು ಮಾತ್ರ ಹಿಡಿಯುವ ಕೊಂಡಿಗಳಿರುತ್ತವೆ, ಅವೇ ರಿಸೆಪ್ಟರ್. ಚೀಟಿ ಕೊಂಡಿಗೆ ಸಿಕ್ಕಿದರೆ ಕಣ ಕೆಲಸ ಶುರುಮಾಡುತ್ತದೆ, ಇಲ್ಲದಿದ್ದರೆ ಇಲ್ಲ.

ಪರಾವಲಂಬಿಯ ಪ್ರೋಟೀನುಗಳು ಕೈ ಹಾಕುವುದು ಇಲ್ಲೇ. ಕೆಲವು ಚೀಟಿಯನ್ನೇ ಕದಿಯುತ್ತವೆ. ಕೆಲವು ಕೊಂಡಿಗೆ ಬೆಣೆ ಹೊಡೆಯುತ್ತವೆ. ಇನ್ನು ಕೆಲವು ನಮ್ಮದೇ ಕೈಬರಹದಲ್ಲಿ ಸುಳ್ಳು ಚೀಟಿ ಬರೆಯುತ್ತವೆ. ನನಗೆ ತುಂಬ ಇಷ್ಟವಾಗುವುದು ಈ ಕೊನೆಯವೇ. ಇಷ್ಟ ಅನ್ನಬಾರದೇನೋ.

ಸೊಳ್ಳೆಗೆ ಯಾಕೆ ಈ ಜಾಣತನ ಇಲ್ಲ?

ಅದಕ್ಕೆ ಅಷ್ಟು ಬೇಕಿಲ್ಲ. ಸೊಳ್ಳೆಗೆ ಒಂದೆರಡು ನಿಮಿಷದ ಕೆಲಸ. ನಮಗೆ ತುರಿಕೆ ಶುರುವಾಗುವ ಹೊತ್ತಿಗೆ ಅದು ಗೋಡೆ ಮೇಲೆ ಕೂತಿರುತ್ತದೆ. ಉಣುಗು ದಿನಗಟ್ಟಲೆ ಕೂರಬೇಕು. ಕೊಕ್ಕೆಹುಳು ವರ್ಷಗಟ್ಟಲೆ ಇರಬೇಕು. ಆನೆಕಾಲು ರೋಗದ ತಾಯಿಹುಳು ನಮ್ಮೊಳಗೆ ಐದಾರು ವರ್ಷ ಬದುಕುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಹೆಚ್ಚು ದಿನ ಇರಬೇಕಾದವರಿಗೆ ಮನೆಯವರ ಜೊತೆ ಹೊಂದಾಣಿಕೆ ಹೆಚ್ಚು ಬೇಕು, ಅಲ್ವಾ? ಈ ಪುಟದ ಬಹುಪಾಲು ಉತ್ತರಗಳ ಬೇರು ಇಲ್ಲೇ ಇದೆ.

ಈ ಪ್ರೋಟೀನುಗಳು ಹೊರಗೆ ಬರುವುದು ಹೇಗೆ?

ಉಣುಗಿಗೆ ಜೊಲ್ಲೇ ದಾರಿ. ಕರುಳಿನ ಹುಳುಗಳು ಬಾಯಿಂದ, ಮೈಯಿಂದ ಹಗಲೂ ರಾತ್ರಿ ಸ್ರವಿಸುತ್ತಲೇ ಇರುತ್ತವೆ. ಹುಳುಗಳನ್ನು ತೊಳೆದು, ಪೋಷಕಾಂಶವಿರುವ ನೀರಿನ ತಟ್ಟೆಯಲ್ಲಿ ಒಂದು ದಿನ ಬಿಟ್ಟು, ಆಮೇಲೆ ಹುಳು ತೆಗೆದು ಬರೀ ಆ ನೀರನ್ನು ಬಿಳಿ ರಕ್ತಕಣಗಳ ಮೇಲೆ ಹಾಕಿದರೂ ಸಾಕು, ಕಣಗಳ ವರ್ತನೆ ಬದಲಾಗುತ್ತದೆ. ಅರ್ಧ ಸಂಶೋಧನೆ ಶುರುವಾಗಿರುವುದು ಇಂಥ 'ಹುಳು ತೊಳೆದ ನೀರಿನಿಂದಲೇ'. ಮಲೇರಿಯಾ ಜೀವಿ ತನ್ನ ಪ್ರೋಟೀನನ್ನು ತಾನು ಅಡಗಿರುವ ಕೆಂಪು ರಕ್ತಕಣದ ಹೊರಮೈಗೆ ಸಾಗಿಸುತ್ತದೆ. ಬೆಕ್ಕಿನಿಂದ ಬರುವ ಟೊಕ್ಸೊಪ್ಲಾಸ್ಮಾ ಇನ್ನೂ ನೇರ. ಇಂಜೆಕ್ಷನ್ ಕೊಟ್ಟ ಹಾಗೆ ನಮ್ಮ ಕೋಶದೊಳಕ್ಕೇ ಚುಚ್ಚುತ್ತದೆ. ತಾನು ಒಳಗೆ ಹೋಗದ ಕೋಶಗಳಿಗೂ ಚುಚ್ಚಿ ಮುಂದೆ ಹೋಗುತ್ತದೆ!

ಉಣುಗು ಕಚ್ಚಿದ್ದು ಯಾಕೆ ಗೊತ್ತಾಗುವುದಿಲ್ಲ?

ತುರಿಕೆ, ಊತ ತರುವುದು ಮುಖ್ಯವಾಗಿ ಹಿಸ್ಟಮಿನ್ ಅನ್ನುವ ವಸ್ತು. ಅಲರ್ಜಿಗೆ ನಾವು ನುಂಗುವ ಮಾತ್ರೆ ತಡೆಯುವುದು ಇದನ್ನೇ. ಆಫ್ರಿಕಾದ ದನಗಳ ಒಂದು ಜಾತಿಯ ಉಣುಗಿನ ಜೊಲ್ಲಿನಲ್ಲಿ ಹಿಸ್ಟಮಿನ್ ಅನ್ನು ಹಿಡಿದು ಇಟ್ಟುಕೊಳ್ಳುವ ಪ್ರೋಟೀನುಗಳು 1999ರಲ್ಲಿ ಸಿಕ್ಕವು. ನಾವು ರಿಸೆಪ್ಟರ್ ಮುಚ್ಚುವ ಮಾತ್ರೆ ಮಾಡಿದ್ದೇವೆ, ಉಣುಗು ಹಿಸ್ಟಮಿನ್ ಅನ್ನೇ ಜೇಬಿಗೆ ಹಾಕಿಕೊಳ್ಳುತ್ತದೆ.

ಎರಡನೆಯದು ಕೀಮೊಕೈನ್ ಕಳ್ಳತನ. ಚರ್ಮಕ್ಕೆ ಗಾಯ ಆದ ಕೂಡಲೇ ಅಲ್ಲಿನ ಕೋಶಗಳು ಕೀಮೊಕೈನ್ ಬಿಡುತ್ತವೆ. ಆ ಜಾಡು ಹಿಡಿದೇ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಂದು ಗಾಯ ತಲುಪುವುದು. ನಮ್ಮ ಬೀದಿನಾಯಿಗಳ ಕಿವಿಯಲ್ಲಿ ಗೊಂಚಲು ಗೊಂಚಲಾಗಿ ಕಾಣುವ ಕಂದು ಉಣುಗಿನ ಜೊಲ್ಲಿನಲ್ಲಿ 'ಇವೇಸಿನ್' ಅನ್ನುವ ಪುಟ್ಟ ಪ್ರೋಟೀನುಗಳಿವೆ. ಒಂದೊಂದು ಇವೇಸಿನ್‌ಗೆ ಒಂದೊಂದು ಬಗೆಯ ಕೀಮೊಕೈನ್ ಬೇಟೆ. ಇವೇಸಿನ್-3 ನ್ಯೂಟ್ರೊಫಿಲ್ ಅನ್ನುವ ಬಿಳಿ ಕಣ‌ಗಳನ್ನು ಕರೆಯುವ ಚೀಟಿ ಹಿಡಿಯುತ್ತದೆ. ಇವೇಸಿನ್-4 ಇಯೊಸಿನೊಫಿಲ್ ಅನ್ನುವ ಇನ್ನೊಂದು ಬಗೆಯ ಕಣ‌ಗಳನ್ನು ಕರೆಯುವುದನ್ನು ಹಿಡಿಯುತ್ತದೆ. ಗಾಯದಿಂದ ಕೂಗು ಹೊರಡುತ್ತದೆ, ಆದರೆ ಬೀದಿ ಕೊನೆ ಮುಟ್ಟುವುದಿಲ್ಲ.

ಹಾಗಾದರೆ ಮಂಗನ ಕಾಯಿಲೆ ಬರುವುದು ಈ ಜೊಲ್ಲಿನಿಂದಲೇ?

ಕಾಯಿಲೆ ತರುವುದು ವೈರಸ್. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ವೈರಸ್ ಅದು. ಹೆಸರೂ ಆ ಕಾಡಿನದೇ. ಉಣುಗು ಅದರ ವಾಹನ. ಆದರೆ ಉಣುಗಿನ ಜೊಲ್ಲು ಸಾಮಾನ್ಯವಾಗಿ ಬರೀ ಸಾಗಣೆ ದ್ರವ ಅಲ್ಲ. ಕಾವಲು ಕಣಗಳನ್ನು ದೂರ ಇಟ್ಟ ಜಾಗದಲ್ಲಿ ವೈರಸ್‌ಗೆ ಕಾಲೂರುವುದು ಸುಲಭ. ಉಣುಗಿನಿಂದ ಹರಡುವ ಬೇರೆ ವೈರಸ್‌ಗಳಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ.

ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡೇ ವರ್ಷಗಟ್ಟಲೆ ಇರುತ್ತದೆ. ಅಲ್ಲಿ ಹುಣ್ಣಾಗಿ ಕೀವು ತುಂಬಬೇಕಲ್ವಾ?

ತುಂಬಬೇಕಿತ್ತು. ಸುಮಾರು ಒಂದು ಸೆಂಟಿಮೀಟರ್ ಉದ್ದದ ಹುಳು, ಕರುಳಿನ ಒಳಪದರವನ್ನು ಬಾಯಲ್ಲಿ ಕಚ್ಚಿ ಹಿಡಿದು ರಕ್ತ ಹೀರುತ್ತಿದೆ. ಕಚ್ಚಿದ ಜಾಗಕ್ಕೆ ನ್ಯೂಟ್ರೊಫಿಲ್‌ಗಳು ನುಗ್ಗಬೇಕು. ರಕ್ತ ಹೆಪ್ಪುಗಟ್ಟಬೇಕು. ಎರಡೂ ಸರಿಯಾಗಿ ಆಗುವುದಿಲ್ಲ.

ನಾಯಿಯ ಕೊಕ್ಕೆಹುಳುವಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪ್ರೋಟೀನು ಸಿಕ್ಕಿವೆ. ಒಂದು ರಕ್ತ ಹೆಪ್ಪುಗಟ್ಟುವ ಸರಪಳಿಯ ಮೊದಲ ಕೊಂಡಿಯಲ್ಲೇ ತಡೆಯುತ್ತದೆ. ಇನ್ನೊಂದರ ಹೆಸರೇ 'ನ್ಯೂಟ್ರೊಫಿಲ್ ತಡೆಯುವ ಅಂಶ', 1994ರಲ್ಲಿ ವರದಿಯಾಗಿದ್ದು. ನ್ಯೂಟ್ರೊಫಿಲ್ ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಗೆ ತೂರುವುದಕ್ಕೆ ಅದರ ಮೈಮೇಲೆ ಒಂದು ಹಿಡಿಕೆ ಇದೆ. ಹುಳುವಿನ ಪ್ರೋಟೀನು ಆ ಹಿಡಿಕೆಗೇ ಅಂಟಿ ಕೂರುತ್ತದೆ. ಪಾಪ, ನ್ಯೂಟ್ರೊಫಿಲ್ ರಕ್ತದ ಜೊತೆ ಮುಂದೆ ಹರಿದು ಹೋಗುತ್ತದೆ.

ಇದನ್ನು ಮನುಷ್ಯರಿಗೆ ಔಷಧ ಮಾಡಲೂ ನೋಡಿದರು. ಪಾರ್ಶ್ವವಾಯು ಹೊಡೆದಾಗ ಮೆದುಳಿಗೆ ನುಗ್ಗುವ ನ್ಯೂಟ್ರೊಫಿಲ್‌ಗಳು ಹಾನಿ ಹೆಚ್ಚಿಸುತ್ತವೆ, ಅವನ್ನು ತಡೆದರೆ ಒಳ್ಳೆಯದಾಗಬಹುದು ಅನ್ನುವ ಲೆಕ್ಕ. 900ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಲಾಭ ಕಾಣಲಿಲ್ಲ, ನಿಲ್ಲಿಸಿದರು.

ರಕ್ತದ ಲೆಕ್ಕ ಕೇಳುವವರಿಗೆ: ಮನುಷ್ಯರ ಕೊಕ್ಕೆಹುಳುಗಳಲ್ಲಿ ಎರಡು ಮುಖ್ಯ ಜಾತಿ. ಚಿಕ್ಕದು ದಿನಕ್ಕೆ ಸುಮಾರು 0.03 ಮಿಲಿಲೀಟರ್, ದೊಡ್ಡದು ಅದರ ಐದಾರು ಪಟ್ಟು ರಕ್ತ ಹಾಳುಮಾಡುತ್ತದೆ. ಒಂದು ಹುಳುವಿಗೆ ಇಷ್ಟು. ನೂರಿನ್ನೂರು ಇದ್ದು, ಊಟದಲ್ಲಿ ಕಬ್ಬಿಣದ ಅಂಶವೂ ಕಡಿಮೆ ಇದ್ದರೆ ಉಗುರು ಬಿಳಿಚಿಕೊಳ್ಳಲು ಬಹಳ ದಿನ ಬೇಕಿಲ್ಲ.

ಹುಳು 'ಸುಳ್ಳು ಚೀಟಿ ಬರೆಯುತ್ತದೆ' ಅಂದಿರಿ. ಒಂದು ಉದಾಹರಣೆ ಕೊಡಿ.

ಇದಕ್ಕೆ ಇಲಿಯ ಕರುಳಿನ ಹುಳು ಒಂದಿದೆ, ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್. ಕರುಳಿನಲ್ಲಿ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಮನುಷ್ಯರಿಗೆ ಬರುವುದಿಲ್ಲ. ಆದರೆ ಹುಳು ನಡೆಸುವ ಮೋಸವನ್ನು ಇಷ್ಟು ಬಿಡಿಬಿಡಿಯಾಗಿ ತೋರಿಸಿಕೊಟ್ಟ ಜೀವಿಗಳು ಕಡಿಮೆ.

ನಮ್ಮಲ್ಲಿ 'ಸಾಕು, ಸಮಾಧಾನ' ಅನ್ನುವ ಚೀಟಿಗಳಲ್ಲಿ ದೊಡ್ಡದು ಟಿಜಿಎಫ್-ಬೀಟಾ. ಅದು ಸಿಕ್ಕಾಗ, ಬಿಳಿ ಕಣಗಳಲ್ಲೇ ಒಂದು ಬಗೆಯಾದ ಟಿ ಕಣಗಳಲ್ಲಿ ಕೆಲವು ಹೊಡೆದಾಟ ಬಿಟ್ಟು ಜಗಳ ಬಿಡಿಸುವ ಹಿರಿಯರಾಗುತ್ತವೆ. ಇವನ್ನು ಟಿ-ರೆಗ್ ಅನ್ನುತ್ತಾರೆ. ಬ್ರಿಟನ್ನಿನ ರಿಕ್ ಮೈಜೆಲ್ಸ್ ಅವರ ತಂಡ ಈ ಹುಳು ತೊಳೆದ ನೀರನ್ನು ಟಿ ಕಣಗಳಿಗೆ ಹಾಕಿತು. ಕಣಗಳು ಟಿ-ರೆಗ್ ಆಗತೊಡಗಿದವು. ಇದು ಪ್ರಕಟವಾಗಿದ್ದು 2010ರಲ್ಲಿ. ಹುಳುವಿನ ಹತ್ತಿರ ಟಿಜಿಎಫ್-ಬೀಟಾದ ತನ್ನದೇ ಆವೃತ್ತಿ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹುಳುವಿನ ನೀರನ್ನು ಪಾಲು ಪಾಲು ಮಾಡಿ, ಯಾವ ಪಾಲಿಗೆ ಆ ಗುಣ ಇದೆ ಅಂತ ಹುಡುಕುತ್ತಾ ಹೋದರು. 2017ರಲ್ಲಿ ಪ್ರೋಟೀನು ಸಿಕ್ಕಿತು. ನೋಡಿದರೆ ಅದಕ್ಕೂ ಟಿಜಿಎಫ್-ಬೀಟಾಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ! ಅಮೈನೋ ಆಮ್ಲಗಳ ಜೋಡಣೆ ಬೇರೆ, ಮಡಿಕೆ ಬೇರೆ, ಮನೆತನವೇ ಬೇರೆ. ಆದರೂ ಅದೇ ರಿಸೆಪ್ಟರಿಗೆ ಹೋಗಿ ಕೂರುತ್ತದೆ, ಅದೇ ಕೆಲಸ ಮಾಡಿಸುತ್ತದೆ. ಮನುಷ್ಯರ ರಿಸೆಪ್ಟರ್ ಕೂಡ ಮೋಸ ಹೋಗುತ್ತದೆ.

ಬೀಗದ ಕೈಯನ್ನು ಅಚ್ಚು ತೆಗೆದು ಮಾಡಿದ್ದಲ್ಲ ಇದು. ಯಾವುದೋ ಕಬ್ಬಿಣದ ಚೂರನ್ನು ತಲೆತಲಾಂತರ ಉಜ್ಜಿ ಉಜ್ಜಿ ಅದೇ ಬೀಗ ತೆಗೆಯುವ ಹಾಗೆ ಮಾಡಿಕೊಂಡಿದ್ದು. ಇದಕ್ಕೆ ಟಿಜಿಎಂ ಅಂತ ಹೆಸರಿಟ್ಟರು. ಬೇರೆ ಇಲಿಯ ಚರ್ಮ ಕಸಿ ಮಾಡಿದ ಇಲಿಗಳಿಗೆ ಇದನ್ನು ಕೊಟ್ಟಾಗ, ಕಸಿ ಮಾಡಿದ ಚರ್ಮ ಹೆಚ್ಚು ದಿನ ಉಳಿಯಿತು.

ಅದೇ ಹುಳು ಎಚ್ಚರಿಕೆಯ ಗಂಟೆಯನ್ನೂ ನಿಲ್ಲಿಸುತ್ತದೆ ಅಂತ ಕೇಳಿದೆ?

ಹೌದು. ಕರುಳಿನ ಕೋಶ ಹರಿದು ಸತ್ತಾಗ ಅದರೊಳಗಿಂದ ಐಎಲ್-33 ಅನ್ನುವ ಪ್ರೋಟೀನು ಹೊರಬೀಳುತ್ತದೆ. ಹುಳು ಬಂದಿದೆ ಅಂತ ಸಾರುವ ಗಂಟೆ ಅದೇ. ಈ ಹುಳು ಬಿಡುವ ಎಚ್‌ಪಿಎಆರ್‌ಐ ಅನ್ನುವ ಪ್ರೋಟೀನು ಒಂದು ಕೈಯಲ್ಲಿ ಐಎಲ್-33 ಹಿಡಿದು, ಇನ್ನೊಂದು ಕೈಯಲ್ಲಿ ಸತ್ತ ಕೋಶದ ಡಿಎನ್‌ಎಯನ್ನೇ ಹಿಡಿದುಕೊಳ್ಳುತ್ತದೆ. ಗಂಟೆಯ ನಾಲಿಗೆಗೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದ ಹಾಗೆ. ಅಕಸ್ಮಾತ್ ಸದ್ದು ಹೊರಟರೂ ಇರಲಿ ಅಂತ ಇನ್ನೊಂದು ಪ್ರೋಟೀನಿದೆ, ಅದು ಐಎಲ್-33ರ ರಿಸೆಪ್ಟರನ್ನು ಮುಚ್ಚುತ್ತದೆ. ಗಂಟೆಗೂ ಹಗ್ಗ, ಕಿವಿಗೂ ಹತ್ತಿ.

ಆನೆಕಾಲು ರೋಗದ ಹುಳು ರಕ್ತದಲ್ಲಿ ಇದ್ದರೂ ಕೆಲವರಿಗೆ ಕಾಲು ಊದುವುದಿಲ್ಲ. ಯಾಕೆ?

ಇದನ್ನು ಬೀದರ್, ಕಲಬುರಗಿ, ಯಾದಗಿರಿ ಕಡೆಯವರು ಕೇಳುತ್ತಾರೆ, ಕರಾವಳಿಯವರೂ ಕೇಳುತ್ತಾರೆ.

ಮೊದಲು ನಾನು ನೋಡಿದ್ದು ಹೇಳುತ್ತೇನೆ. ಈ ಹುಳುವಿನ ಮರಿಗಳು ಹೊರಗಿನ ರಕ್ತನಾಳಗಳಿಗೆ ಬರುವುದು ರಾತ್ರಿ, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ. ಅದಕ್ಕೇ ರಾತ್ರಿ ರಕ್ತ ತೆಗೆಯುವುದು. ಓದುವ ದಿನಗಳಲ್ಲಿ ಅಂಥ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕೆಂಪು ಕಣಗಳು ರಾಗಿ ಚೆಲ್ಲಿದ ಹಾಗೆ ಹರಡಿದ್ದವು. ಒಂದು ಮೂಲೆಯಲ್ಲಿ ಮಾತ್ರ ರಾಗಿ ಎಗರುತ್ತಿತ್ತು. ಅಲ್ಲಿಗೆ ಸರಿಸಿದರೆ ಕೆಂಪು ಕಣಕ್ಕಿಂತ ಮೂವತ್ತು ನಲವತ್ತು ಪಟ್ಟು ಉದ್ದದ ಮರಿ, ಚಾಟಿ ಬೀಸಿದ ಹಾಗೆ ಮೈ ಕೊಡವುತ್ತಿದೆ. ಪಕ್ಕದಲ್ಲೇ ಬಿಳಿ ಕಣಗಳು. ಒಂದೂ ಕದಲಲಿಲ್ಲ. ಆ ರಕ್ತ ಕೊಟ್ಟವರು ಆರಾಮಾಗಿ ಗದ್ದೆ ಕೆಲಸ ಮಾಡಿಕೊಂಡಿದ್ದವರು, ಕಾಲಲ್ಲಿ ಊತವಿಲ್ಲ.

ಹೀಗೆ ಮರಿಗಳು ರಕ್ತದಲ್ಲಿ ತುಂಬಿದ್ದೂ ಕುರುಹು ಇಲ್ಲದವರಲ್ಲಿ 'ಸಾಕು' ಅನ್ನುವ ಚೀಟಿ ಐಎಲ್-10 ಜಾಸ್ತಿ ಇರುತ್ತದೆ. ಹುಳುವನ್ನು ಹಿಡಿಯಲು ಮೈ ತಯಾರಿಸುವ ಪ್ರತಿಕಾಯಗಳಲ್ಲಿ (ಆಂಟಿಬಾಡಿ) ಐಜಿಜಿ4 ಅನ್ನುವ ಸೌಮ್ಯ ಬಗೆಯದೇ ಹೆಚ್ಚು. ಅಂದರೆ ಹುಳುವಿಗೂ ಮೈಗೂ ಒಂದು ರಾಜಿ ನಡೆದಿದೆ. ಕಾಲು ಊದಿಕೊಂಡವರಲ್ಲಿ ಎಷ್ಟೋ ಸಲ ಇದರ ತಿರುಗು. ರಕ್ತದಲ್ಲಿ ಮರಿ ಸಿಗುವುದಿಲ್ಲ, ಮೈಯ ಪ್ರತಿಕ್ರಿಯೆ ಜೋರಾಗಿರುತ್ತದೆ. ಮೈಯ ನೀರನ್ನು ರಕ್ತಕ್ಕೆ ವಾಪಸು ಒಯ್ಯುವ ದುಗ್ಧನಾಳ ಹಾಳಾಗಿ ಕಾಲು ಊದುವುದರಲ್ಲಿ ಹುಳುವಿನ ಪಾಲಿದೆ, ನಮ್ಮ ಉರಿಯೂತದ ಪಾಲೂ ಇದೆ, ಮೇಲಿನಿಂದ ಚರ್ಮದ ಬಿರುಕಿನಲ್ಲಿ ಸೇರುವ ಬ್ಯಾಕ್ಟೀರಿಯಾದ ಪಾಲೂ ಇದೆ. ಕಾಲು ತೊಳೆದು ಒರೆಸಿ ಒಣಗಿಸಿಕೊಳ್ಳಿ ಅಂತ ಆರೋಗ್ಯ ಕಾರ್ಯಕರ್ತರು ಹೇಳುವುದು ಸುಮ್ನೆ ಅಲ್ಲ.

ರಾಜಿ ಮಾಡಿಸುವ ಪ್ರೋಟೀನುಗಳು ಯಾವುವು? ಈ ಹುಳುವಿನ ಹತ್ತಿರದ ನೆಂಟ, ಕೇರಳದಲ್ಲಿ ಹಿಂದಿನಿಂದಲೂ ಕಂಡ ಬ್ರುಗಿಯಾ ಮಲಾಯಿಯಲ್ಲಿ ಸಿಸ್ಟಾಟಿನ್ ಅನ್ನುವ ಪ್ರೋಟೀನು ಸಿಕ್ಕಿದೆ. ಬಿಳಿ ಕಣಗಳು ಶತ್ರುವಿನ ಪ್ರೋಟೀನನ್ನು ಕತ್ತರಿಸಿ, ಚೂರುಗಳನ್ನು ಮೈಮೇಲೆ ಹಿಡಿದು ಟಿ ಕಣಗಳಿಗೆ ತೋರಿಸಬೇಕು. ಈ ಸಿಸ್ಟಾಟಿನ್ ಆ ಕತ್ತರಿಗಳನ್ನೇ ಮೊಂಡು ಮಾಡುತ್ತದೆ. ಇನ್ನೊಂದು, ದಂಶಕಗಳ ಫೈಲೇರಿಯಾ ಹುಳು ಬಿಡುವ ಇಎಸ್-62. ಅದರ ಮೇಲೆ ಅಂಟಿರುವ ಫಾಸ್ಫೊರಿಲ್‌ಕೋಲಿನ್ ಅನ್ನುವ ಪುಟ್ಟ ತುಣುಕೇ ಹಲವು ಬಗೆಯ ಬಿಳಿ ಕಣಗಳ ಉತ್ಸಾಹ ಇಳಿಸುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಹಾರ್ನೆಟ್ ಮತ್ತು ಮಾರ್ಗರೆಟ್ ಹಾರ್ನೆಟ್ ಇದನ್ನು ದಶಕಗಟ್ಟಲೆ ಬೆನ್ನು ಹತ್ತಿದವರು. ಸಂಧಿವಾತ ಬರಿಸಿದ ಇಲಿಗಳಲ್ಲಿ ಇದು ಕೀಲಿನ ಉರಿಯೂತ ತಗ್ಗಿಸಿತು.

ಆನೆಕಾಲು ಮಾತ್ರೆ ತಗೊಂಡ ಮೇಲೆ ಜ್ವರ ಬಂತು. ಮಾತ್ರೆ ಕೆಟ್ಟದ್ದಾ?

ಅಲ್ಲ. ರಕ್ತದಲ್ಲಿ ಮರಿಗಳು ಇದ್ದವರಿಗೇ ಇದು ಹೆಚ್ಚು. ಮಾತ್ರೆಗೆ ಮರಿಗಳು ಒಟ್ಟಿಗೆ ಸಾಯುತ್ತವೆ. ಇಷ್ಟು ದಿನ ಒಳಗೆ ಬಚ್ಚಿಟ್ಟಿದ್ದೆಲ್ಲ ರಕ್ತಕ್ಕೆ ಬೀಳುತ್ತದೆ. ಈ ಹುಳುಗಳ ಕೋಶಗಳೊಳಗೆ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ವಾಸವಿದೆ, ಅದೂ ಹೊರಬೀಳುತ್ತದೆ. ಸುಮ್ಮನಿದ್ದ ಬಿಳಿ ಕಣಗಳು ಒಮ್ಮೆಲೇ ಎಚ್ಚರಾಗುತ್ತವೆ. ಜ್ವರ, ತಲೆನೋವು, ಮೈಕೈ ನೋವು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಜಾಸ್ತಿಯಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆ ಇರುವವರಿಗೆ ಈ ಮಾತ್ರೆ ಕೊಡುವುದಿಲ್ಲ. ಅದನ್ನು ಹಂಚುವವರಿಗೆ ಮುಂಚೆಯೇ ತಿಳಿಸಿ.

ಮಲೇರಿಯಾ ಹುಳು ಅಲ್ಲವಲ್ಲ, ಅದೂ ಹೀಗೇ ಮಾಡುತ್ತದಾ?

ಒಂದೇ ಕೋಶ, ಆದರೆ ಕಿಲಾಡಿತನಕ್ಕೆ ಏನೂ ಕಮ್ಮಿ ಇಲ್ಲ. ಮಲೇರಿಯಾ ಜೀವಿಗಳಲ್ಲಿ ಫಾಲ್ಸಿಪಾರಂ ಅನ್ನುವ ಜಾತಿ ತಾನಿರುವ ಕೆಂಪು ಕಣದ ಹೊರಗೆ ಪಿಎಫ್‌ಇಎಂಪಿ1 ಅನ್ನುವ ಪ್ರೋಟೀನನ್ನು ಪುಟ್ಟ ಉಬ್ಬುಗಳ ಮೇಲೆ ನೆಡುತ್ತದೆ. ಅದರಿಂದ ಆ ಕಣ ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ, ಕೆಟ್ಟ ಕಣಗಳನ್ನು ಸೋಸುವ ಗುಲ್ಮದ ಜರಡಿಗೆ ಸಿಕ್ಕುವುದು ತಪ್ಪುತ್ತದೆ. ಪ್ರತಿಕಾಯಗಳು ಅದನ್ನು ಗುರುತು ಹಿಡಿಯುವಷ್ಟರಲ್ಲಿ ಅಂಗಿ ಬದಲಾಗಿರುತ್ತದೆ. ಸುಮಾರು 60 ಅಂಗಿಗಳ ಜೀನುಗಳಿವೆ, ಒಮ್ಮೆಗೆ ತೊಡುವುದು ಒಂದೇ.

ನಿಜವಾದ ಕಥೆ ಇರುವುದು ರಿಫಿನ್ ಅನ್ನುವ ಇನ್ನೊಂದು ಗುಂಪಿನಲ್ಲಿ. ನಮ್ಮ ಬಿಳಿ ಕಣಗಳ ಮೇಲೆ ಬ್ರೇಕಿನ ಹಾಗೆ ಕೆಲಸ ಮಾಡುವ ರಿಸೆಪ್ಟರುಗಳಿವೆ. ಎಲ್‌ಎಐಆರ್1, ಎಲ್‌ಐಎಲ್‌ಆರ್‌ಬಿ1 ಅಂತ ಹೆಸರು. ನಮ್ಮದೇ ಮೈಯನ್ನು ನಾವೇ ಹೊಡೆಯದಿರಲಿ ಅಂತ ಇರುವ ಬ್ರೇಕು. ರಿಫಿನ್‌ಗಳು ಹೋಗಿ ಅದನ್ನೇ ಒತ್ತುತ್ತವೆ. ಕೊಲ್ಲಲು ಬಂದ ಕಣ ನಿಂತುಬಿಡುತ್ತದೆ.

ಇದಕ್ಕೆ ಕೆಲವು ಆಫ್ರಿಕನ್ನರ ಮೈ ಕೊಟ್ಟ ಉತ್ತರ 2016ರಲ್ಲಿ ಪ್ರಕಟವಾಯಿತು. ಕೆನ್ಯಾದ ಕೆಲವರ ರಕ್ತದಲ್ಲಿ ವಿಚಿತ್ರ ಪ್ರತಿಕಾಯಗಳು ಸಿಕ್ಕವು. ಪ್ರತಿಕಾಯದ ನಡುವೆ ಎಲ್‌ಎಐಆರ್1 ರಿಸೆಪ್ಟರಿನ ಒಂದು ತುಂಡೇ ಇಡಿಯಾಗಿ ಸೇರಿಕೊಂಡಿತ್ತು! ರಿಫಿನ್ ಬ್ರೇಕು ಅಂದುಕೊಂಡು ಹಿಡಿಯಲು ಹೋದರೆ ಸಿಕ್ಕಿಬೀಳುವುದು ಪ್ರತಿಕಾಯದ ಕೈಗೆ. ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಎರಡು ಸುತ್ತು ಹಾಕಿದ್ದೆ.

ಮಂಗಳೂರಿನ ಕಡೆ ಹೆಚ್ಚು ಕಂಡಿರುವುದು ವೈವಾಕ್ಸ್ ಮಲೇರಿಯಾ. ಅದಕ್ಕೆ ಪಿಎಫ್‌ಇಎಂಪಿ1 ಇಲ್ಲ. ಅದರ ಅಂಗಿ ಬದಲಿಸುವ ಪ್ರೋಟೀನುಗಳೇ ಬೇರೆ.

ಬಿಳಿ ರಕ್ತಕಣದ ಒಳಗೇ ಮನೆ ಮಾಡುವವು ಇವೆಯಂತೆ?

ಕಾಲಾ ಅಜಾರ್ ತರುವ ಲೀಶ್ಮೇನಿಯಾ. 1903ರಲ್ಲಿ ಮದರಾಸಿನಲ್ಲಿ ಡೊನೊವನ್ ಅನ್ನುವ ವೈದ್ಯರು ಗುರುತಿಸಿದ್ದು ಇದನ್ನೇ. ಮರಳುನೊಣ ಕಚ್ಚಿದಾಗ ಒಳಬರುವ ಈ ಜೀವಿಯ ಮೇಲೆ ನಮ್ಮ ರಕ್ತ 'ಕೊಲ್ಲು' ಅನ್ನುವ ಚೀಟಿ ಅಂಟಿಸುತ್ತದೆ. ಅದರ ಮೈಮೇಲಿನ ಜಿಪಿ63 ಅನ್ನುವ ಪ್ರೋಟೀನು ಆ ಚೀಟಿಯ ಒಂದು ತುದಿ ಕತ್ತರಿಸುತ್ತದೆ. ಉಳಿದ ಚೀಟಿಯನ್ನು ಮ್ಯಾಕ್ರೊಫೇಜ್ ಅನ್ನುವ, ನುಂಗುವ ಕೆಲಸದ ಬಿಳಿ ಕಣ 'ಗಲಾಟೆ ಇಲ್ಲದೆ ನುಂಗು' ಅಂತ ಓದಿಕೊಳ್ಳುತ್ತದೆ. ನುಂಗುತ್ತದೆ. ಲೀಶ್ಮೇನಿಯಾಕ್ಕೆ ಬೇಕಾಗಿದ್ದೂ ಅದೇ.

ಎಲ್ಲ ಪರಾವಲಂಬಿಗಳೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದೇನಾ?

ಇಲ್ಲ, ಬೇಕಾದಾಗ ಕೆಣಕುವವೂ ಇವೆ. ಆಫ್ರಿಕಾದಲ್ಲಿ ಬಹಳ ಇರುವ ಶಿಸ್ಟೊಸೋಮಾ ಹುಳುಗಳಲ್ಲಿ ಒಂದು ಜಾತಿ ಕರುಳಿನ ಸುತ್ತಲಿನ ರಕ್ತನಾಳದಲ್ಲಿ ಜೋಡಿಯಾಗಿ ಬದುಕುತ್ತದೆ. ಮೊಟ್ಟೆ ಮಾತ್ರ ಕರುಳಿನ ಗೋಡೆ ತೂರಿ ಮಲದಲ್ಲಿ ಹೊರಹೋಗಬೇಕು. ಮೊಟ್ಟೆಗೆ ಕಾಲಿಲ್ಲ. ದೂಡುವವರು ನಮ್ಮ ಬಿಳಿ ಕಣಗಳೇ. ಮೊಟ್ಟೆಯಿಂದ ಒಮೆಗಾ-1 ಅನ್ನುವ ಪ್ರೋಟೀನು ಒಸರಿ, ಶತ್ರುವಿನ ಸುದ್ದಿಯನ್ನು ಟಿ ಕಣಗಳಿಗೆ ಮುಟ್ಟಿಸುವ ಡೆಂಡ್ರಿಟಿಕ್ ಕಣದೊಳಗೆ ಹೋಗಿ ಅಲ್ಲಿನ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಆ ಕಣ ಆಮೇಲೆ ಒಂದು ನಿರ್ದಿಷ್ಟ ಬಗೆಯ ಪ್ರತಿಕ್ರಿಯೆಯನ್ನೇ ಎಬ್ಬಿಸುತ್ತದೆ. ಮೊಟ್ಟೆಯ ಸುತ್ತ ಕಣಗಳು ಗಂಟು ಕಟ್ಟುತ್ತವೆ, ಮೊಟ್ಟೆ ನಿಧಾನಕ್ಕೆ ಕರುಳಿನ ಕಡೆ ಸರಿಯುತ್ತದೆ. ಟಿ ಕಣಗಳಿಲ್ಲದ ಇಲಿಗಳಲ್ಲಿ ಮಲಕ್ಕೆ ಬರುವ ಮೊಟ್ಟೆಗಳು ಕಡಿಮೆ.

ಹಾಗಾದರೆ ಹುಳು ಇದ್ದರೆ ಅಲರ್ಜಿ, ಆಸ್ತಮಾ ಬರುವುದಿಲ್ಲವಾ? ಮಕ್ಕಳಿಗೆ ಜಂತುಹುಳು ಮಾತ್ರೆ ಕೊಡಬಾರದಾ?

ಕೊಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹುಳುವಿನ ಪ್ರೋಟೀನು ಇಲಿಗಳಲ್ಲಿ ಆಸ್ತಮಾ ತಗ್ಗಿಸಿದ್ದು ನಿಜ. ಕೊಕ್ಕೆಹುಳುವಿನ ಎಐಪಿ-2 ಅನ್ನುವುದರ ಬಗ್ಗೆ 2016ರಲ್ಲಿ ಆಸ್ಟ್ರೇಲಿಯಾದ ತಂಡ ತೋರಿಸಿತು. ಆದರೆ ಜೀವಂತ ಹುಳುವನ್ನೇ ಔಷಧ ಮಾಡಲು ಹೋದಾಗ ಕಥೆ ಬೇರೆಯಾಯಿತು. ಹಂದಿಯ ಚಾಟಿಹುಳುವಿನ ಮೊಟ್ಟೆಗಳನ್ನು ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆಯವರಿಗೆ ಕುಡಿಸಿದ ದೊಡ್ಡ ಪರೀಕ್ಷೆಗಳು 2013ರ ಹೊತ್ತಿಗೆ ಸೋತವು. ಅಂತರ್ಜಾಲದಲ್ಲಿ ಹುಳು ತರಿಸಿಕೊಂಡು ನುಂಗುವವರೂ ಇದ್ದಾರೆ, ಅದು ಶುದ್ಧ ಹುಚ್ಚು. ಪ್ರೋಟೀನು ಬೇರೆ, ಹುಳು ಬೇರೆ. ಹುಳು ಬರುವಾಗ ಒಂದು ಪ್ರೋಟೀನು ತರುವುದಿಲ್ಲ. ನೂರಾರು ತರುತ್ತದೆ, ಜೊತೆಗೆ ಹಸಿವನ್ನೂ ತರುತ್ತದೆ.

ಇನ್ನೊಂದು ತೂಕದ ಮಾತು. ಹುಳುಗಳಿರುವ ಮೈ ಕೆಲವು ಲಸಿಕೆಗಳಿಗೂ ಮಂಕಾಗಿ ಪ್ರತಿಕ್ರಿಯಿಸಬಹುದು. 'ಸಾಕು' ಅನ್ನುವ ಚೀಟಿ ಹುಳುವಿನ ಹತ್ತಿರ ಮಾತ್ರ ನಿಲ್ಲುವುದಿಲ್ಲವಲ್ಲ. ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದೇ ಒಂದು. ಒಂದರಿಂದ ಎರಡು ವರ್ಷದವರಿಗೆ ಅರ್ಧ. ಪುಟ್ಟ ಮಕ್ಕಳಿಗೆ ಪುಡಿ ಮಾಡಿ ನೀರಿನ ಜೊತೆ ಕೊಡಿ, ದೊಡ್ಡ ಮಕ್ಕಳಿಗೆ ಅಗಿದು ನುಂಗಲು ಹೇಳಿ.

ಈ ಪ್ರೋಟೀನುಗಳಿಂದಲೇ ಲಸಿಕೆ ಮಾಡಬಹುದಲ್ವಾ?

ಮಾಡಲು ಹೋಗಿ ಪೆಟ್ಟು ತಿಂದದ್ದೂ ಇದೆ. ಕೊಕ್ಕೆಹುಳುವಿನ ಮರಿ ಚರ್ಮ ತೂರುವಾಗ ಬಿಡುವ ಎಎಸ್‌ಪಿ-2 ಅನ್ನುವ ಪ್ರೋಟೀನಿನ ಲಸಿಕೆ ಪ್ರಾಣಿಗಳಲ್ಲಿ ಚೆನ್ನಾಗಿತ್ತು. ಕೊಕ್ಕೆಹುಳು ಸಾಮಾನ್ಯವಾಗಿರುವ ಬ್ರೆಜಿಲ್‌ನ ಊರಿನಲ್ಲಿ ಕೊಟ್ಟರೆ ಕೆಲವರಿಗೆ ಮೈತುಂಬ ಪಿತ್ತಗಂದೆ ಎದ್ದಿತು. ಅವರಿಗೆ ಹಿಂದೆಯೇ ಹುಳು ತಗುಲಿತ್ತು, ಅದೇ ಪ್ರೋಟೀನಿನ ವಿರುದ್ಧ ಅಲರ್ಜಿಯ ಪ್ರತಿಕಾಯ ಸಿದ್ಧವಿತ್ತು. ಪರೀಕ್ಷೆ ನಿಂತಿತು. ಲಸಿಕೆ ಬೇಕಾದವರಿಗೇ ಲಸಿಕೆ ಆಗದು ಅಂದರೆ ಏನು ಮಾಡುವುದು?

ಅದಕ್ಕೇ ಈಗ ಮೈಗೆ ಎಂದೂ ಕಾಣಿಸದ, ಪರಾವಲಂಬಿಯ ಹೊಟ್ಟೆಯೊಳಗಿನ ಪ್ರೋಟೀನು ಹುಡುಕುತ್ತಾರೆ. ಇದರಲ್ಲಿ ಗೆದ್ದದ್ದು ದನದ ಉಣುಗಿನ ಲಸಿಕೆ. ಬಿಎಂ86 ಅನ್ನುವುದು ಆ ಉಣುಗಿನ ಕರುಳಿನ ಪ್ರೋಟೀನು. ಲಸಿಕೆ ಹಾಕಿದ ಹಸುವಿನ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಇರುತ್ತದೆ. ಉಣುಗು ರಕ್ತದ ಜೊತೆ ಅದನ್ನೂ ಕುಡಿದು ತನ್ನ ಕರುಳನ್ನೇ ಕೆಡಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂತು. ಎಲ್ಲ ಕಡೆಯ ಉಣುಗಿನ ಮೇಲೂ ಒಂದೇ ಥರ ಕೆಲಸ ಮಾಡಲಿಲ್ಲ, ಆದರೂ ದಾರಿ ಇದೆ ಅಂತ ತೋರಿಸಿತು.

ಮೈಮೇಲೆ ಉಣುಗು ಸಿಕ್ಕರೆ ಏನು ಮಾಡಬೇಕು? ಸುಣ್ಣ ಹಚ್ಚಲಾ?

ಬೇಡ. ಸುಣ್ಣ, ಸೀಮೆಎಣ್ಣೆ, ಊದುಬತ್ತಿಯ ಬೆಂಕಿ ಯಾವುದೂ ಬೇಡ. ಕೆಣಕಿದರೆ ಅದು ಇನ್ನಷ್ಟು ಜೊಲ್ಲು ಒಳಗೆ ಬಿಡಬಹುದು. ಇಷ್ಟು ಹೊತ್ತು ಮಾತಾಡಿದ್ದೆಲ್ಲ ಆ ಜೊಲ್ಲಿನಲ್ಲೇ ಇರುವುದು. ತುದಿ ಸಣ್ಣಗಿರುವ ಚಿಮಟ ತಗೊಳ್ಳಿ. ಉಣುಗಿನ ಹೊಟ್ಟೆ ಹಿಡಿಯಬೇಡಿ, ಚರ್ಮಕ್ಕೆ ತಾಗಿಕೊಂಡಿರುವ ಬಾಯಿಯ ಹತ್ತಿರ ಹಿಡಿಯಿರಿ. ತಿರುಚದೆ ನೇರ ಮೇಲಕ್ಕೆ, ನಿಧಾನಕ್ಕೆ ಎಳೆಯಿರಿ. ಬರಿಗೈಯಲ್ಲಿ ಹಿಸುಕಬೇಡಿ. ಆ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ಮಂಗನ ಕಾಯಿಲೆಯ ಊರುಗಳಿಗೆ ಹೋಗಿ ಬಂದಿದ್ದರೆ, ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಉಣುಗಿನ ವಿಷಯ ಮೊದಲೇ ಹೇಳಿ. ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಹಂಚುವ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ ಒಮ್ಮೆ ಕೈಯಾಡಿಸಿ ನೋಡಿ. ತುರಿಸಲಿ ಅಂತ ಕಾಯಬೇಡಿ, ಅದು ತುರಿಸುವುದಿಲ್ಲ.